ಕಣ್ಣು ಬಿಡಿಸದ ದೇವತೆ

ಪಕ್ಕದ ಮನೆಯ ಗೋಡೆಯ ಮೇಲೆ, ನೀವು ಹೆಸರು ಸಹ ಕೇಳಿರದ ದೇವತೆಯೊಬ್ಬಳ ಚಿತ್ರ ಕಂಡರೆ ಮೊದಲು ಏನು ಕೇಳುತ್ತೀರಿ? ‘ಈಕೆ ಯಾರು?’ ಎಂದೋ, ‘ಇದನ್ನು ಯಾವಾಗ ತೆಗೆಯುತ್ತೀರಿ?’ ಎಂದೋ?

ಕಳೆದ ವಾರ ಕೊಪ್ಪಳದ ಬಜಾರಿನಲ್ಲಿ ಗಾಣದ ಮುಂದೆ ಹಾದುಹೋಗುವಾಗ ಹಸಿ ಅಗಸೆ ಎಣ್ಣೆಯ ವಾಸನೆ ಬಡಿಯಿತು. ಕಾಲು ತಾನಾಗಿ ನಿಂತಿತು. ಬೇರೆಯವರಿಗೆ ಆ ವಾಸನೆ ಅಡುಗೆಮನೆಯದಾಗಿರಬಹುದು. ನನಗೆ ಅದು ಬಣ್ಣದ್ದು, ಕುಷ್ಟಗಿಯ ಒಂದು ಇಕ್ಕಟ್ಟಾದ ಓಣಿಯದು, ನನ್ನ ಎದುರು ಮನೆಯಲ್ಲಿ ಬಾಡಿಗೆಗಿದ್ದ ಚಿತ್ರಕಲಾ ಶಿಕ್ಷಕಿಯದು. ಇಡೀ ಓಣಿಗೆ ಅವರು ‘ಅಕ್ಕೋರು’.

ಅವರು ಕಿನ್ನಾಳದಲ್ಲಿ ಕಟ್ಟಿಗೆಯ ದೇವರುಗಳನ್ನು ಮಾಡುವ ಚಿತ್ರಗಾರರ ಮನೆಯ ಮಗಳು. ಒಬ್ಬರೇ ಇದ್ದರು. ಗಂಗಾವತಿಯ ಅಕ್ಕಿ ಗಿರಣಿಯ ಖಾಲಿ ಗೋಣಿಚೀಲಗಳನ್ನು ಬಿಚ್ಚಿ, ಹುಣಸೆಬೀಜದ ಅಂಟು ಬಳಿದು ಒಣಗಿಸಿ, ಅಗಸೆ ಎಣ್ಣೆಯಲ್ಲಿ ಬಣ್ಣ ಕಲಸಿ ಚಿತ್ರ ಬರೆಯುತ್ತಿದ್ದರು. ಒಂದು ರಜೆಯಲ್ಲಿ, ಹೈಟಿ ಎಂಬ ದ್ವೀಪದೇಶದ ಕಲಾವಿದರು ತಮ್ಮ ವೂಡೂ ದೇವತೆಗಳನ್ನು ಕುರಿತು ಬರೆದ ಚಿತ್ರಗಳನ್ನು ಅವರು ಮೊಬೈಲಿನಲ್ಲಿ ಕಂಡರು. ಆಮೇಲೆ ಅವರಿಗೆ ಬೇರೆ ಮಾತೇ ಇರಲಿಲ್ಲ. ವೂಡೂ ಎಂದರೆ ಸೂಜಿ ಚುಚ್ಚಿದ ಗೊಂಬೆ ಎಂದಷ್ಟೇ ಸಿನಿಮಾಗಳು ನಮಗೆ ಕಲಿಸಿವೆ. ಅದು ಆಫ್ರಿಕಾದಿಂದ ಗುಲಾಮರಾಗಿ ಸಾಗಿಸಲ್ಪಟ್ಟ ಜನ ಎದೆಯೊಳಗೆ ಬಚ್ಚಿಟ್ಟುಕೊಂಡು ಹೋದ ಧರ್ಮ ಎಂದು ನನಗೆ ತಿಳಿಸಿದವರು ಅಕ್ಕೋರು.

“ಇಲ್ಲಿ ನೋಡ್ರಿ ಸರ್, ಪೂಜಿಗೆ ಮೊದಲ ನೆಲದ ಮ್ಯಾಲೆ ಗೋವಿನಜೋಳದ ಹಿಟ್ಟಿಲೆ ರಂಗೋಲಿ ಹಾಕತಾರ. ಡೊಳ್ಳು ಬಾರಸತಾರ. ದೇವ್ರು ಮೈಯಾಗ ಬರತೈತಿ. ನಮ್ಮ ಹಳ್ಳ್ಯಾಗಿನ ಹೆಣ್ಣಮಕ್ಕಳಂಗ!” ಎಂದು ಮೊಬೈಲನ್ನು ನನ್ನ ಮೂಗಿನ ತುದಿಗೆ ಹಿಡಿಯುತ್ತಿದ್ದರು.

ನಾನು ಆಗಷ್ಟೇ ಉಪನ್ಯಾಸಕನಾಗಿದ್ದೆ. ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾಲಗೆ; ಮೈಮೇಲೆ ದೇವರು ಬರುವುದನ್ನು ಖಂಡಿಸಲು ಸದಾ ಸಿದ್ಧ. ಅಕ್ಕೋರು ನಕ್ಕು, “ಖಂಡಸ್ರಿ. ಆದ್ರ ಮೊದಲ ನೋಡ್ರಿ” ಎನ್ನುತ್ತಿದ್ದರು.

ಅವರು ಬರೆದವುಗಳಲ್ಲಿ ದೊಡ್ಡದು ಕಡಲ ದೇವತೆಯ ಚಿತ್ರ. ಸೊಂಟದ ಕೆಳಗೆ ಮೀನು, ಕೈಯಲ್ಲಿ ಕನ್ನಡಿ, ಸುತ್ತ ಡೊಳ್ಳಿನವರು, ಕೂದಲು ಬಿಚ್ಚಿ ತೂಗುವ ಹೆಂಗಸರು. ಬಾಗಿಲು ತೆರೆದರೆ ಅದು ಬೀದಿಗೇ ಕಾಣುತ್ತಿತ್ತು. ಮೂಲೆಯ ಕಿರಾಣಿ ಅಂಗಡಿಯವನು ಕೀಟಲೆ ಮಾಡಿದ: “ಅಕ್ಕೋರ, ನಮ್ಮ ಕುಷ್ಟಗ್ಯಾಗ ಕುಡಿಯಾಕ ನೀರಿಲ್ಲ, ಈ ಮೀನಮ್ಮ ಎಲ್ಲಿ ಈಜಬೇಕ್ರಿ?”

“ನಿಮ್ಮ ಎಣ್ಣಿ ಡಬ್ಬ್ಯಾಗ ಬಿಡೂಣು. ಅದ್ರಾಗ ಅರ್ಧ ನೀರs ಐತಂತ!”

ಓಣಿ ನಕ್ಕಿತ್ತು. ಆ ನಗು ಎಷ್ಟು ಬೇಗ ಆರಿಹೋಯಿತು...

ಚಿತ್ರಕ್ಕೆ ಕಣ್ಣಿರಲಿಲ್ಲ. ಅಕ್ಕೋರ ಮನೆತನದಲ್ಲಿ ದೇವರಿಗೆ ಕಣ್ಣು ಬಿಡಿಸುವುದು ಕೊನೆಯ ಕೆಲಸ. ಪೂಜೆ ನಡೆಯುವ ಜಾಗದಲ್ಲಿ, ಪೂಜಿಸುವವರ ಎದುರಿಗೇ ಅದು ಆಗಬೇಕು. ಕಣ್ಣು ಬಂದ ಮೇಲೆ ಅದು ಚಿತ್ರವಲ್ಲ, ದೇವರು. ಪರರ ದೇವತೆಗೆ ತಾವು ಕಣ್ಣು ಕೊಡಬಾರದೆಂದು ಅವರು ಗೌರವದಿಂದಲೇ ಬಿಟ್ಟಿದ್ದರು. ಓಣಿಯವರಿಗೂ ಆ ಸಂಪ್ರದಾಯ ಗೊತ್ತಿತ್ತು. ಅದಕ್ಕೇ ಅವರು ಹೆದರಿದರು. ಕಣ್ಣು ಬಿಡಿಸದ ದೇವರನ್ನು ಯಾರಾದರೂ ಮನೆಯಲ್ಲಿ ಇಷ್ಟು ಕಾಲ ಇಡುತ್ತಾರೆಯೇ?

ಆ ಮಳೆಗಾಲದಲ್ಲಿ ಅಕ್ಕೋರ ಪಕ್ಕದ ಮನೆಯ ಪುಟ್ಟ ಹುಡುಗಿಗೆ ಜ್ವರ ಬಂತು. ಇಳಿಯಲಿಲ್ಲ. ಆಸ್ಪತ್ರೆಗೆ ಸೇರಿಸಿದರು. ಹುಡುಗಿಯ ಅಜ್ಜಿ ನಲ್ಲಿಯ ಬಳಿ ಹೇಳಿದ ಮಾತು ಸಂಜೆಯೊಳಗೆ ಓಣಿಯ ಮಾತಾಯಿತು: “ಕಣ್ಣಿಲ್ಲದಾಕಿ ತಡವ್ಯಾಡಕೋಂತ ಹೊಂಟಾಳ. ಕೈಗೆ ಸಿಕ್ಕ ಕೂಸಿನ್ನ ಹಿಡದಾಳ.” ಮರುದಿನ ಅದಕ್ಕೊಂದು ಹೆಸರು ಬಂತು: ಬಾನಾಮತಿ. ನಮ್ಮ ಸೀಮೆಯಲ್ಲಿ ಮಾಟಕ್ಕೆ ಇರುವ ಈ ಹೆಸರು ಒಬ್ಬ ಹೆಂಗಸಿನ ಮೇಲೆ ಒಮ್ಮೆ ಬಿದ್ದರೆ ಏನಾಗುತ್ತದೆಂದು ಬಲ್ಲವರಿಗೆ ನನ್ನ ಆಗಿನ ತಳಮಳವನ್ನು ವಿವರಿಸಬೇಕಾಗಿಲ್ಲ. ಓಣಿಯಲ್ಲಿ ನಾಲ್ಕು ಜನ ಸೇರಿ ನಿಂತರೆ ಕಿವಿಗೊಟ್ಟು ಕೇಳುತ್ತಿದ್ದೆ. ಅಕ್ಕೋರು ಶಾಲೆಯಿಂದ ಬರುವುದು ಸ್ವಲ್ಪ ತಡವಾದರೂ ಕಿಟಕಿಗೆ ಬಂದು ನಿಲ್ಲುತ್ತಿದ್ದೆ.

ಅಮಾವಾಸ್ಯೆಯ ಬೆಳಿಗ್ಗೆ ಜನ ಅವರ ಬಾಗಿಲಿಗೆ ಬಂದರು. ಮುಂದೆ ಹುಡುಗಿಯ ತಾಯಿ. ಹಿಂದೆ ಕಿರಾಣಿಯವನು, ಆ ದಿನ ಅವನ ಮುಖದಲ್ಲಿ ನಗೆಯಿರಲಿಲ್ಲ.

“ನಿಮ್ಮ ಕಾಲ ಬೀಳತೀನ್ರಿ ಅಕ್ಕೋರ. ಅದಕ್ಕ ಕಣ್ಣರ ಬಿಡಸ್ರಿ, ಇಲ್ಲಾ ಊರಬಿಟ್ಟು ಹೊರಗರ ಕಳಸ್ರಿ” ಎಂದು ತಾಯಿ ಅತ್ತಳು.

“ಕಣ್ಣ ಬಿಡಸಾಕ ನನಗ ಹಕ್ಕಿಲ್ಲವಾ. ಆಕಿ ಬ್ಯಾರೆ ಮಂದಿ ದೇವ್ರು. ಕಣ್ಣ ಬಿಟ್ಟ ಮ್ಯಾಲೆ ಇಲ್ಲಿ ಆಕಿಗೆ ಎಡಿ ಹಿಡಿಯೋರ‍್ಯಾರು?”

ನಾನು ನಡುವೆ ನುಗ್ಗಿದೆ. ಚಿತ್ರ ಕಳಿಸಿದರೆ ತಪ್ಪೊಪ್ಪಿಕೊಂಡಂತೆ, ಕಾನೂನು ನಮ್ಮ ಕಡೆಗಿದೆ, ಎಲ್ಲರ ಮುಂದೆ ವಾದಿಸೋಣ ಎಂದೆ. ಅಕ್ಕೋರು ನನ್ನನ್ನು ಒಳಗೆ ಕರೆದು ಮೆಲ್ಲಗೆ ಹೇಳಿದರು: “ಆಕಿ ಮಗಳು ಹಾಸಿಗಿ ಮ್ಯಾಲೆ ಅದಾಳ ಸರ್. ನಿಮ್ಮ ವಾದಕ್ಕ ನಾಳಿಗೂ ಟೈಮ್ ಐತಿ.”

ಮಧ್ಯಾಹ್ನ ಒಂದು ಟಂಟಂ ಗಾಡಿ ಬಂತು. ಸುತ್ತಿದ ಗೋಣಿಗಳನ್ನು ಹೇರಿಕೊಂಡು, ಹೊಳೆದಂಡೆಯ ಮುನಿರಾಬಾದ್ ಕಾಲೊನಿಯಲ್ಲಿದ್ದ ಅವರ ಗೆಳತಿಯ ಕ್ವಾರ್ಟರ್ಸಿಗೆ ಹೋಯಿತು. ಅದೇ ಹೊತ್ತಿಗೆ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆಯ ಫಲಿತಾಂಶ ಬಂದಿತ್ತು. ಟೈಫಾಯಿಡ್ ಎಂದು ತಿಳಿದ ವೈದ್ಯರು ಬೇರೆ ಇಂಜೆಕ್ಷನ್ ಶುರು ಮಾಡಿದ್ದರು. ಹುಡುಗಿ ಚೇತರಿಸಿಕೊಂಡಳು.

“ನೋಡಿದ್ರ್ಯಾ? ಚಿತ್ರ ಹೊಳಿದಂಡಿಗೆ ಹೋತು, ಜ್ವರ ಇಳೀತು!” ಎಂದ ಕಿರಾಣಿಯವನು. ಇಂಜೆಕ್ಷನ್ನಿನ ಮಾತನ್ನು ನಾನು ಮನೆಮನೆಗೆ ಹೋಗಿ ಹೇಳಿದೆ. ತಲೆಯಾಡಿಸಿ, ಚಹಾ ಕೊಟ್ಟು ಕಳಿಸಿದರು. ಒಬ್ಬ ತಾಯಿಯ ಮೇಲಿನ ಕನಿಕರದಿಂದ ಅಕ್ಕೋರು ಮಾಡಿದ ಕೆಲಸವೇ ಅವರ ವಿರುದ್ಧದ ಸಾಕ್ಷ್ಯವಾಯಿತು. ಅಂದು ನನ್ನ ವಾದ ಸರಿಯಿತ್ತು. ಅವರ ಕನಿಕರವೂ ಸರಿಯಿತ್ತು. ಈ ಎರಡನ್ನೂ ಒಟ್ಟಿಗೆ ಹಿಡಿಯುವುದು ಇಂದಿಗೂ ನನಗೆ ಕಷ್ಟ.

ಪಾಲಕರು ಮಕ್ಕಳನ್ನು ಚಿತ್ರಕಲೆಯ ತರಗತಿಯಿಂದ ಎಬ್ಬಿಸತೊಡಗಿದರು. ಮನೆಯ ಮಾಲೀಕ ಬೇರೆ ಮನೆ ನೋಡಿಕೊಳ್ಳಿ ಎಂದ. ಅಕ್ಕೋರು ವರ್ಗಾವಣೆ ಕೇಳಿ ಪಡೆದು, ಯಲಬುರ್ಗಾ ಕಡೆಯ ಮಂಗಳೂರು ಎಂಬ ಹಳ್ಳಿಗೆ ಹೋದರು. ಒಮ್ಮೆ ಅಲ್ಲಿಗೆ ಹೋಗಿದ್ದೆ. ಗೋಡೆಗಳು ಬರಿದಾಗಿದ್ದವು. “ಈಗ ಮಾವಿನಹಣ್ಣು, ಗಿಳಿ, ಧ್ವಜ ಅಷ್ಟs ಬರೀತೀನ್ರಿ. ಅವು ಯಾರಿಗೂ ಜ್ವರ ತರಂಗಿಲ್ಲ” ಎಂದು ನಕ್ಕರು. ಆ ನಗೆ... ಅದನ್ನು ಬರೆಯಲು ನನ್ನಿಂದಾಗದು.

ಕೆಲವು ವರ್ಷಗಳ ಹಿಂದೆ ಅವರು ಅದೇ ಊರಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಮುನಿರಾಬಾದಿನ ಗೆಳತಿ ಆ ಮೊದಲೇ ಕ್ವಾರ್ಟರ್ಸ್ ಬಿಟ್ಟಿದ್ದರು. ಚಿತ್ರಗಳು ಏನಾದವೋ ತಿಳಿಯದು.

ಈ ವರ್ಷ ಕೊಪ್ಪಳದಲ್ಲಿ ನಾನು ನಡೆಸುವ ವಿದ್ಯಾರ್ಥಿಗಳ ವಿಚಾರ ಶಿಬಿರದಲ್ಲಿ ಒಬ್ಬ ಪದವಿ ವಿದ್ಯಾರ್ಥಿನಿ ಎದ್ದು ನಿಂತಳು. “ಮಾಟ ಎಲ್ಲಾ ಸುಳ್ಳಂತ ಹ್ಯಾಂಗ ಅಂತೀರಿ ಸರ್? ನಾ ಸಣ್ಣಾಕಿದ್ದಾಗ ನನಗ ಬಾನಾಮತಿ ಆಗಿತ್ತು. ಕುಷ್ಟಗ್ಯಾಗ ನಮ್ಮ ಬಾಜೂಮನಿ ಅಕ್ಕೋರು ಮಾಡಿದ್ರಂತ.”

ಕೈಯಲ್ಲಿದ್ದ ಸೀಮೆಸುಣ್ಣವನ್ನು ಕೆಳಗಿಟ್ಟೆ. ಶಿಬಿರ ಮುಗಿದ ಮೇಲೆ ಅವಳನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ: ಟೈಫಾಯಿಡ್, ಇಂಜೆಕ್ಷನ್, ಅವಳ ತಾಯಿಯ ಅಳು, ಹೊರಟುಹೋದ ಟಂಟಂ. 

“ಅವ್ರು ಈಗ ಎಲ್ಲಿ ಅದಾರ‍್ರಿ ಸರ್? ನಾ ಒಮ್ಮಿ ಹೋಗಿ ಭೆಟ್ಟಿ ಆಗಬೇಕು.”

ಅವರು ಈಗ ಇಲ್ಲ ಎಂದು ಹೇಳಬೇಕಾಯಿತು. ಅವಳು ಮುಖ ಮುಚ್ಚಿಕೊಂಡಳು.

ಇಂದು ಅಂಥ ಮಾತುಗಳು ನಲ್ಲಿಯ ಬಳಿ ಹುಟ್ಟಿ ಸಂಜೆಗಾಗಿ ಕಾಯುವುದಿಲ್ಲ. ಮೊಬೈಲುಗಳಲ್ಲಿ ಕ್ಷಣದಲ್ಲಿ ಊರು ದಾಟುತ್ತವೆ. ಆದ್ದರಿಂದ ಓದುಗರಲ್ಲಿ ನನ್ನದು ಒಂದೇ ಕೋರಿಕೆ. ನಿಮ್ಮ ಓಣಿಯಲ್ಲಿ ಯಾರ ಮೇಲಾದರೂ ಮಾಟದ ಮಾತು ಎದ್ದರೆ, ಅದೇ ದಿನ ಅವರ ಮನೆಗೆ ಹೋಗಿ, ಒಳಗೆ ಕೂತು ಅವರನ್ನೇ ಕೇಳಿ. ನೀವು ಕಂಡದ್ದನ್ನು ಮನೆಗೆ ಬಂದು ನಿಮ್ಮ ಮಕ್ಕಳಿಗೆ ಹೇಳಿ.