ಪರದೆಯಾಚೆಯ ಹದಿನೇಳನೆಯವನು

ಊಂ ಎಂದು ಒಂದೇ ಸ್ವರ. ಎದೆಯ ತಳದಲ್ಲಿ ಹುಟ್ಟಿ, ಬಾಯಿ ತೆರೆಯುವಷ್ಟರಲ್ಲಿ ಮುಗಿದೇ ಹೋಗುವಂಥದು. ಅದರ ಕೊನೆಯಲ್ಲಿ ಸ್ವಲ್ಪ ಒರಟುತನ, ಗಂಜಿ ಹಾಕಿದ ನೂಲನ್ನು ಬೆರಳಲ್ಲಿ ಎಳೆದ ಹಾಗೆ. ಈಗ ನನ್ನ ಕಿವಿಗೆ ಬಾಗಿಲ ಬೆಲ್ ಕೇಳಿಸುವುದಿಲ್ಲ, ಮೊಮ್ಮಗಳು ಪಕ್ಕದಲ್ಲಿ ನಿಂತು ಕೂಗಿದರೂ ಅರ್ಧ ಮಾತೇ ಸಿಗುವುದು. ಆ ಸ್ವರ ಮಾತ್ರ ಮಾಸಿಲ್ಲ.

ಸಾವಿರದ ಒಂಬೈನೂರ ಮೂವತ್ತರ ದಶಕದ ನಡುಭಾಗ. ಕೊಯಮತ್ತೂರಿನ ಒಂದು ಕಾಲೇಜಿನ ಗಂಡಸರ ಕೋರಸ್‌ಗೆ ನಾನು ಅಕಂಪನಿಸ್ಟ್. ಅಂದರೆ, ಅವರು ಹಾಡುವಾಗ ಪಿಯಾನೋ ನುಡಿಸುವವಳು. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಕಲಿಸಿದ ವಿದ್ಯೆ ಅದು. ಮನೆಯಲ್ಲಿ ಆಡುತ್ತಿದ್ದುದು ಕನ್ನಡ, ಬೀದಿಯಲ್ಲಿ ತಮಿಳು, ಕಾನ್ವೆಂಟಿನಲ್ಲೂ ಕನಸಿನಲ್ಲೂ ಇಂಗ್ಲಿಷ್. ಕನ್ನಡ ಓದಿ ಬರೆಯಲು ಕಲಿತದ್ದು ಮದುವೆಯಾಗಿ ಮೈಸೂರಿಗೆ ಹೋದ ಮೇಲೆ. ಆದ್ದರಿಂದ ತಪ್ಪುಗಳಿದ್ದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಗಂಡುಹುಡುಗರ ಕಾಲೇಜಿಗೆ ಇಪ್ಪತ್ತೆರಡು ವರ್ಷದ ಹೆಣ್ಣನ್ನು ಸೇರಿಸಿಕೊಳ್ಳಲು ಪ್ರಿನ್ಸಿಪಾಲರು ಒಂದೇ ಷರತ್ತು ಹಾಕಿದ್ದರು. ಪಿಯಾನೋ ಮತ್ತು ಹಾಡುವವರ ನಡುವೆ ಪರದೆ ಇರಬೇಕು. ಹಾಲ್‌ನ ಮೂಲೆಗೆ ದಪ್ಪ ಹಸಿರು ಬಟ್ಟೆ ಇಳಿಬಿಟ್ಟರು. ನಾನು ಪಕ್ಕದ ಬಾಗಿಲಿಂದ ಬಂದು ಕೂರುತ್ತಿದ್ದೆ, ಅದೇ ಬಾಗಿಲಿಂದ ಹೋಗುತ್ತಿದ್ದೆ. ಒಂದು ವರ್ಷದ ಮೇಲಾದರೂ ಇಪ್ಪತ್ನಾಲ್ಕು ಹುಡುಗರಲ್ಲಿ ಒಬ್ಬನ ಮುಖವೂ ನನಗೆ ಗೊತ್ತಿರಲಿಲ್ಲ. ದನಿ ಮಾತ್ರ ಒಬ್ಬೊಬ್ಬನದೂ ಗೊತ್ತಿತ್ತು. ಯಾರಿಗೆ ನೆಗಡಿ, ಯಾರು ಓಡಿಬಂದು ಏದುಸಿರು ಬಿಡುತ್ತಿದ್ದಾನೆ, ಎಲ್ಲವನ್ನೂ ಹೇಳಬಲ್ಲೆ.

ಇದನ್ನು ಕಂಡುಕೊಂಡ ಡೇನಿಯಲ್ ಮಾಸ್ಟರ್ ಹಾಜರಿಯ ಕೆಲಸವನ್ನೂ ನನಗೇ ವಹಿಸಿದರು. ಮಾಸ್ಟರ್ ಕೋರಸ್‌ನ ಲೀಡರ್. ಪಾಳಯಂಕೋಟೆಯ ಕಡೆಯ ತಮಿಳು ಕ್ರಿಶ್ಚಿಯನ್, ಕೋಟಿನ ಗುಂಡಿ ಎಂದೂ ಬಿಚ್ಚದವರು. ಕಣ್ಣು ಮಂದ. ಹಿಂದಿನ ಸಾಲು ಅವರಿಗೆ ಬಿಳಿ ಶರ್ಟುಗಳ ಒಂದು ಗೋಡೆ, ಅಷ್ಟೆ. ಅವರು ತಂದ ಪದ್ಧತಿ ಹೀಗಿತ್ತು: ನಾನು ಪಿಯಾನೋದಲ್ಲಿ ಸ್ವರ ಕೊಟ್ಟು ನಂಬರ್ ಹೇಳಬೇಕು, ಹುಡುಗ "ಪ್ರೆಸೆಂಟ್" ಅನ್ನುವ ಬದಲು ಆ ಸ್ವರವನ್ನೇ ಹಾಡಿ ಉತ್ತರ ಕೊಡಬೇಕು. ಹಾಜರಿಯೂ ಆಯಿತು, ಗಂಟಲೂ ಬಿಸಿಯಾಯಿತು. ಒಂದರಿಂದ ಹನ್ನೆರಡರವರೆಗೆ ಟೆನರ್, ಎತ್ತರದ ದನಿ. ಹದಿಮೂರರಿಂದ ಹದಿನಾರು ಬ್ಯಾರಿಟೋನ್, ನಡುವಿನದು. ಹದಿನೇಳರಿಂದ ಬೇಸ್, ಎಲ್ಲಕ್ಕಿಂತ ಕೆಳಗಿನದು. ಹದಿನೇಳು ಅಂದ ತಕ್ಷಣ ಹಾಲ್‌ನ ನೆಲವೇ ಒಂದು ಮೆಟ್ಟಿಲು ಇಳಿದ ಹಾಗಾಗುತ್ತಿತ್ತು.

"ಮಿಸ್, ಪರದೆ ಹಿಂದೆ ನೀವು ಇದೀರಾ, ಇಲ್ಲ ಪಿಯಾನೋನೇ ಅಟೆಂಡೆನ್ಸ್ ತಗೊಳ್ತಾ?" ಎಂದು ಬ್ಯಾರಿಟೋನ್ ಪೀಟರ್ ತಮಿಳಿನಲ್ಲಿ ಚೇಷ್ಟೆ ಮಾಡುತ್ತಿದ್ದ. ನಾನು ಅವನ ಸ್ವರವನ್ನು ಬೇಕೆಂದೇ ಇನ್ನೊಮ್ಮೆ ಬಾರಿಸುತ್ತಿದ್ದೆ.

ನಿಯಮವೂ ಒಂದಿತ್ತು. ರಜೆ ಎರಡು ವಾರಕ್ಕಿಂತ ಹೆಚ್ಚಿಲ್ಲ. ಹೇಳದೆ ಕೇಳದೆ ಸತತ ಮೂರು ಸಲ ತಪ್ಪಿಸಿದರೆ ಜಾಗ ಕಾಯುತ್ತಿರುವ ಇನ್ನೊಬ್ಬನಿಗೆ ಹೋಗುತ್ತದೆ, ಮತ್ತೆ ಸಿಗುವುದಿಲ್ಲ. ಮಾಸ್ಟರ್ ಈ ವಿಷಯದಲ್ಲಿ ಕಲ್ಲು.

ಹದಿನೇಳು ಅಂದರೆ ಲಿಂಗಣ್ಣ. ಒಂಬತ್ತು ಅವನ ತಮ್ಮ ಚೌಡ. ಪೊಳ್ಳಾಚಿ ಹತ್ತಿರದ ನೆಗಮಂನ ಮಗ್ಗದ ಮನೆಯವರು, ಟೌನಿನಲ್ಲಿ ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದರು. ನನ್ನ ಹಾಗೆಯೇ ಮನೆಮಾತು ಕನ್ನಡ. ಇಬ್ಬರೂ ತಮ್ಮತಮ್ಮಲ್ಲಿ ಆಡಿದ್ದು ಪರದೆ ದಾಟಿ ಬರುತ್ತಿತ್ತು.

"ಏ ಚೌಡ, ಸ್ವರದಾಗೆ ಅಷ್ಟು ಮ್ಯಾಕೆ ಹತ್ತಬ್ಯಾಡ. ಬಿದ್ರೆ ಅವ್ವಂಗೆ ನಾನ್ ಏನು ಹೇಳ್ಳಿ?"

"ನೀನ್ ಕೆಳಗೇ ಇದೀಯಲ್ಲಣ್ಣ, ಹಿಡ್ಕೊ."

ಆ ವರ್ಷ ಕ್ರಿಸ್‌ಮಸ್ ರಜೆ ಕಳೆದು ಜನವರಿಯಲ್ಲಿ ಪ್ರಾಕ್ಟೀಸ್ ಶುರುವಾಯಿತು. ಮಂಗಳವಾರ, ಗುರುವಾರ, ಶನಿವಾರ ಸಂಜೆ ಐದಕ್ಕೆ. ಟರ್ಮಿನ ಕೊನೆಗೆ ದೊಡ್ಡ ಸಂಗೀತ ಕಚೇರಿ ಇತ್ತು. ಎಲ್ಲ ದಿನವೂ ಎಲ್ಲ ನಂಬರೂ ಉತ್ತರ ಕೊಟ್ಟವು. ನಾನು ಸಾಲಾಗಿ P ಬರೆಯುತ್ತ ಹೋದೆ. ತಿಂಗಳ ಕೊನೆಯಲ್ಲಿ ಚೌಡ ಮನೆಯಲ್ಲಿ ಕೆಲಸವಿದೆ ಎಂದು ರಜಾಚೀಟಿ ಕೊಟ್ಟು ಊರಿಗೆ ಹೋದ. ಐದು ಪ್ರಾಕ್ಟೀಸ್‌ಗೆ ಬರಲಿಲ್ಲ. ಒಂಬತ್ತರ ಮುಂದೆ ಲೀವ್ ಎಂದು ಐದು L ಬಿದ್ದವು.

ಆರನೆಯ ದಿನ ನಾನು ಎಂದಿನಂತೆ ಅರ್ಧ ಗಂಟೆ ಮೊದಲೇ ಬಂದು ಕೂತಿದ್ದೆ. ಪರದೆಯ ಅಂಚು ಸ್ವಲ್ಪ ಸರಿಯಿತು. ತಲೆ ಬೋಳಿಸಿದ ಒಬ್ಬ ಹುಡುಗ ನಿಂತಿದ್ದ. ದನಿ ಕೇಳುವವರೆಗೆ ಯಾರೆಂದು ತಿಳಿಯಲಿಲ್ಲ.

"ಅಕ್ಕಾ, ನಾನು ಒಂಬತ್ತು. ಚೌಡ. ನಿಮ್ಮತ್ರ ಒಂದು ತಪ್ಪು ಒಪ್ಕೋಬೇಕುಂಗ." ಕೊನೆಯ 'ಉಂಗ' ಆ ಸೀಮೆಯ ಮರ್ಯಾದೆ, ನಮ್ಮ 'ರೀ' ಇದ್ದ ಹಾಗೆ.

ಲಿಂಗಣ್ಣ ಕ್ರಿಸ್‌ಮಸ್ ರಜೆಯಲ್ಲಿ ವಾಲ್ಪಾರೈ ಬೆಟ್ಟದ ಟೀ ಎಸ್ಟೇಟಿಗೆ ಲೆಕ್ಕ ಬರೆಯಲು ಹೋಗಿದ್ದನಂತೆ. ಇಳಿದು ಬಂದದ್ದು ಚಳಿಜ್ವರದಲ್ಲಿ. ಜನವರಿಯಿಡೀ ಅವನು ನೆಗಮಂನ ಮನೆಯಲ್ಲಿ ಮಲಗಿದ್ದ. ಕಾಲೇಜಿಗೆ ಒಂದು ದಿನವೂ ಬಂದಿಲ್ಲ.

"ವರ್ಷ ಹೋದ್ರೆ ಹೋಗ್ಲಿ, ಕೋರಸ್‌ನಾಗೆ ನನ್ ಎಡ, ನನ್ ಜಾಗ ಹೋಗ್ಬಾರ್ದು ಅಂತ ಒಂದೇ ಸಮ ಪುಲಂಬಿ ಗೋಳಾಡ್ದ. ನಾನ್ ನೋಡ್ಕೊಂತೀನಿ, ನೀ ಬರೋಗಂಟ ನಿನ್ ಎಡ ಬುಡಲ್ಲ ಅಂತ ಕೈ ಹಿಡಿದು ಮಾತು ಕೊಟ್ಟೆ. ಅವನ ಸ್ವರಾನೂ ನಾನೇ ಹಾಡ್ದೆ ಅಕ್ಕಾ. ಒಂದೇ ಸ್ವರ ತಾನೆ. ಚಿಕ್ಕಂದಿಂದ ಅವನ ಪಕ್ಕದಾಗೆ ಕೂತು ಕೇಳಿದ್ದು."

"ಈಗ ಹೇಗಿದ್ದಾನೆ?" ಎಂದು ಕೇಳಿದೆ. ಅವನ ಬೋಳುತಲೆ ಎದುರಿಗಿದ್ದರೂ ಕೇಳಿದೆ.

"ಇಲ್ಲ ಅಕ್ಕಾ. ನಾನು ಊರಿಗೆ ಹೋದ ದಿವ್ಸಾನೇ."

ಹಾಜರಿ ಬರೆಯುವವಳ ಅಭ್ಯಾಸದಿಂದ ನಾನು ರಿಜಿಸ್ಟರ್ ತೆಗೆದೆ, ಜನವರಿಯ ತಪ್ಪು P ಗಳನ್ನು ತಿದ್ದಬೇಕಲ್ಲ ಎಂದು. ಬೆರಳು ಹದಿನೇಳರ ಸಾಲಿನಲ್ಲಿ ಹೋಗುತ್ತ ಹೋಗುತ್ತ ಫೆಬ್ರವರಿಗೆ ಬಂದು ನಿಂತಿತು. ಚೌಡ ಊರಲ್ಲಿದ್ದ ಐದು ದಿನ. ಒಂಬತ್ತು: L, L, L, L, L. ಹದಿನೇಳು: P, P, P, P, P. ನನ್ನದೇ ಕೈಬರಹ. ಪ್ರತಿ ದಿನವೂ ಸ್ವರ ಕೇಳಿ, ಆಮೇಲೆ ಬರೆದದ್ದು.

ಚೌಡ ಹೆದರಲಿಲ್ಲ. ಬಗ್ಗಿ ಎರಡು ಸಲ ಎಣಿಸಿದ. "ಸರಿ. ಬಂದವ್ನೆ" ಎಂದ, ಮನೆಗೆ ಬಂದ ನೆಂಟರ ಬಗ್ಗೆ ಹೇಳುವ ಹಾಗೆ. ನಂತರ ಮೆಲ್ಲಗೆ, "ಅಕ್ಕಾ, ಕಚೇರಿ ಮುಗಿಯೋಗಂಟ ಅವನ ಎಡ ಹಂಗೇ ಇರ್ಲಿ. ಮುಗಿದ್ರೆ ಅವನೂ ಹೊರಡ್ತಾನೆ. ಅವ್ವನೂ ಅದನ್ನೇ ಕೇಳ್ತಾವ್ಳೆ. ಮೂರೇ ವಾರ" ಎಂದ.

ಅಂದು ಪ್ರಾಕ್ಟೀಸ್ ಮುಗಿದ ಮೇಲೆ ಪೀಟರ್‌ನನ್ನು ಪರದೆಯ ಬಳಿ ಕರೆದೆ. ಲಿಂಗಣ್ಣ ಬರುತ್ತಿಲ್ಲ ಎಂಬುದು ಹುಡುಗರಿಗೆಲ್ಲ ಗೊತ್ತಿತ್ತು, ಸ್ನೇಹಕ್ಕಾಗಿ ಸುಮ್ಮನಿದ್ದರು. "ಚೌಡ ಇಲ್ಲದ ಐದು ದಿನ ಹದಿನೇಳಕ್ಕೆ ಯಾರು ಉತ್ತರ ಕೊಟ್ಟಿರಿ?" ಎಂದೆ.

ಪೀಟರ್‌ನ ಚೇಷ್ಟೆಯ ದನಿ ಅಂದು ಇರಲಿಲ್ಲ. "ನೀವು ಅಲ್ವಾ, ಮಿಸ್? ನಮ್ಮ ಮೇಲೆ ದಯೆಯಿಟ್ಟು ಪಿಯಾನೋದಲ್ಲಿ ಇನ್ನೊಂದು ಸಲ ಬಾರಿಸ್ತಿದೀರಿ ಅಂತ ಎಲ್ಲರೂ ಅಂದ್ಕೊಂಡಿದ್ವಿ."

ನಾನು ಬಾರಿಸಿರಲಿಲ್ಲ.

ಮಾಸ್ಟರ್‌ಗೆ ಹೇಳದೆ ಉಪಾಯವಿರಲಿಲ್ಲ. ಅವರು ರಿಜಿಸ್ಟರನ್ನು ಮೂಗಿನ ಹತ್ತಿರ ಹಿಡಿದು ಓದಿದರು. ಬೈಯಲಿಲ್ಲ. ಸತ್ತ ಹುಡುಗನಿಗಾಗಿ ಕಣ್ಣು ಮುಚ್ಚಿ ಪ್ರೇಯರ್ ಹೇಳಿದರು. ಆಮೇಲೆ ಇಂಗ್ಲಿಷಿನಲ್ಲಿ ಅವರು ಅಂದದ್ದರ ಅರ್ಥ ಇದು: "ಸತ್ತವರಿಗೆ ದೇವರು ಜಾಗ ಕೊಡುತ್ತಾನೆ, ಮಿಸ್. ನನ್ನ ಕೋರಸ್‌ನಲ್ಲಿ ಉಸಿರಾಡುವವರು ನಿಲ್ಲಬೇಕು. ಆದರೆ ನಿಯಮ ನನ್ನದೇ. ಮೂರು A ಬೀಳದೆ ಜಾಗ ತೆಗೆಯುವುದಿಲ್ಲ. ಪರದೆ ತೆಗೆಸುತ್ತೇನೆ. ಮೂರು ದಿನ ನೀವು ನೋಡಿ, ಕೇಳಿ, ಬರೆಯಿರಿ."

ಪಿಯಾನೋದ ತಂತಿಗಳೇ ಮಿಡಿದಿರಬಹುದು ಎಂಬುದು ಅವರ ಊಹೆ. ಡ್ಯಾಂಪರ್ ಪೆಡಲ್ ಎಂದು ಕಾಲಡಿ ಒಂದು ಇರುತ್ತದೆ. ಅದನ್ನು ಒತ್ತಿಹಿಡಿದರೆ ತಂತಿಗಳೆಲ್ಲ ಬಿಡುಗಡೆಯಾಗಿ, ಹತ್ತಿರದ ದನಿಗೆ ತಾವೇ ಗುಂಯ್ಗುಡುತ್ತವೆ. ಒಳ್ಳೆಯ ವಿವರಣೆ. ಮೂರು ದಿನವೂ ಎರಡು ಪಾದಗಳನ್ನು ನೆಲಕ್ಕೆ ಊರಿ ಕೂರುವುದು ಎಂದು ನಿಶ್ಚಯಿಸಿದೆ.

ಮೊದಲ ದಿನ ಅಷ್ಟೊಂದು ಮುಖಗಳನ್ನು ಒಟ್ಟಿಗೆ ಕಂಡು ನನಗೆ ನಾಚಿಕೆಯಾಯಿತು. ಯಾವ ದನಿಯೂ ನಾನು ಅಂದುಕೊಂಡ ಮುಖದಲ್ಲಿ ಇರಲಿಲ್ಲ. ಹಿಂದಿನ ಸಾಲಿನ ಎಡತುದಿಯಲ್ಲಿ ಒಬ್ಬ ನಿಲ್ಲುವಷ್ಟು ತೆರಪು. ಹುಡುಗರು ತಾವಾಗಿಯೇ ಬಿಟ್ಟಿದ್ದರು. ಚೌಡ ಅಂಗೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದ, ನಾಳೆ ಯಾರೂ ತನ್ನನ್ನು ದೂರಬಾರದೆಂದು. "ಸೆವೆಂಟೀನ್" ಎಂದು ಸ್ವರ ಕೊಟ್ಟೆ. ಏನೂ ಕೇಳಿಸಲಿಲ್ಲ. A. ಎರಡನೆಯ ದಿನವೂ ಹಾಗೆಯೇ. A.

ಎರಡೂ ದಿನ ನಾನು ಆ ತೆರಪನ್ನೇ ನೋಡುತ್ತಿದ್ದೆ. ನೋಡುವಾಗ ನನ್ನ ಕಿವಿ ಅಷ್ಟು ಚುರುಕಲ್ಲ ಎಂಬುದು ಮೂರನೆಯ ದಿನ ಹೊಳೆಯಿತು. ಹದಿನೇಳು ಬಂದಾಗ ತಲೆ ತಗ್ಗಿಸಿ, ನಿಬ್ಬನ್ನು ಕಾಗದದ ಮೇಲಿಟ್ಟು, ಕಣ್ಣು ಮುಚ್ಚಿದೆ. ಸ್ವರ ಕೊಟ್ಟು ಕೈ ತೆಗೆದೆ. ಪಿಯಾನೋದ ದನಿ ಪೂರ್ತಿ ಆರಿತು. ಆರಿದ ಮೇಲೆ, ಅವಸರವಿಲ್ಲದೆ, ಅದು ಬಂತು. ಕೊನೆಯ ಒರಟುತನದ ಸಮೇತ.

ತಲೆ ಎತ್ತಿದೆ. ಚೌಡನ ಅಂಗೈ ಬಾಯಿಯ ಮೇಲೆಯೇ ಇತ್ತು. ಬೇಸ್ ಹುಡುಗರೆಲ್ಲ ತುಟಿ ಬಿಗಿದಿದ್ದರು. ನನ್ನ ಪಾದಗಳೆರಡೂ ನೆಲದ ಮೇಲಿದ್ದವು. ಹುಡುಗರಲ್ಲಿ ಒಬ್ಬನೂ ನನ್ನ ಕಡೆ ನೋಡಲಿಲ್ಲ, ಎಲ್ಲರೂ ನೆಲ ನೋಡುತ್ತಿದ್ದರು. ಏನೂ ಕೇಳಿಸದವರು ಹಾಗೆ ನೆಲ ನೋಡುವುದಿಲ್ಲ ಎಂದು ಈಗ ಅನ್ನಿಸುತ್ತದೆ.

"ವೆಲ್, ಮಿಸ್?" ಎಂದರು ಮಾಸ್ಟರ್.

ಚೌಡ ಮಾತ್ರ ನನ್ನನ್ನು ನೋಡುತ್ತಿದ್ದ. ಬೇರೆ ಏನೂ ಬೇಕಿರಲಿಲ್ಲ ಅವನಿಗೆ, ಒಂದು ಅಕ್ಷರ. ನನಗೆ ಸಿಸ್ಟರ್‌ಗಳ ನೆನಪಾಯಿತು, ಸೂಪರ್‌ಸ್ಟಿಷನ್ ಅಂದಾಗ ಅವರ ತುಟಿ ಕೊಂಕುತ್ತಿದ್ದ ರೀತಿ ನೆನಪಾಯಿತು. ಹೆಂಗಸನ್ನು ತಂದು ಕೂರಿಸಿದರೆ ಹೀಗೇ ಎಂದು ಪ್ರಿನ್ಸಿಪಾಲರು ಅನ್ನುವುದು ಕಿವಿಗೆ ಮೊದಲೇ ಬಿತ್ತು. "ಆಬ್ಸೆಂಟ್" ಎಂದೆ. A ಬರೆದೆ. ಬ್ಲಾಟಿಂಗ್ ಪೇಪರ್ ಒತ್ತಿದೆ.

ಚೌಡ ಬಾಯಿಂದ ಕೈ ತೆಗೆದು, ಸಾಲಿನಿಂದ ಹೊರಗೆ ಬಂದು, ಮಾಸ್ಟರ್‌ಗೆ ಕೈ ಮುಗಿದು ಹಾಲ್‌ನಿಂದ ಹೊರಟುಹೋದ. ಕಾಲೇಜನ್ನೂ ಬಿಟ್ಟನೆಂದು ಆಮೇಲೆ ತಿಳಿಯಿತು. ಹದಿನೇಳಕ್ಕೆ ಹೊಸಬ ಬಂದ, ಒಳ್ಳೆಯ ಗಂಟಲು. ಕಚೇರಿ ಚೆನ್ನಾಗಿ ಆಯಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹಾಲ್‌ನಲ್ಲಿ ಮತ್ತೆ ಅಂಥದ್ದೇನೂ ನಡೆಯಲಿಲ್ಲ. ನಾನು ಕೇಳಿಸಿಕೊಳ್ಳುವ ಹಕ್ಕು ಕಳೆದುಕೊಂಡೆನೇನೋ.

ಆಮೇಲೆ ಮೂವತ್ತು ವರ್ಷ ಮೈಸೂರಿನಲ್ಲಿ ಮ್ಯೂಸಿಕ್ ಟೀಚರ್ ಆಗಿದ್ದೆ. ನೂರಾರು ಮಕ್ಕಳ ಪರೀಕ್ಷೆ ಮಾಡಿದೆ. ಕೇಳಿದ್ದನ್ನು ಬರೆಯುವುದಷ್ಟೇ ನನ್ನ ಕೆಲಸ, ಅದನ್ನು ನಂಬುವುದು ಬಿಡುವುದು ಓದುವವರ ಕೆಲಸ. ಇದನ್ನು ನನಗೆ ಕಲಿಸಿದ್ದು ಆ ಒಂದು ಅಕ್ಷರ. ಅಂಕ ಹಾಕುವಾಗ ಕಣ್ಣು ಮುಚ್ಚುತ್ತಿದ್ದೆ. ಮಕ್ಕಳು ಟೀಚರ್‌ಗೆ ನಿದ್ದೆ ಎಂದು ನಗುತ್ತಿದ್ದರು.

ಚೌಡನನ್ನು ಕೊನೆಯ ಸಲ ಕಂಡದ್ದು ಮೂರು ವರ್ಷದ ನಂತರ, ಕೊಯಮತ್ತೂರಿನಲ್ಲಿ ಪೊಳ್ಳಾಚಿ ಬಸ್ಸುಗಳು ನಿಲ್ಲುವ ಕಡೆ, ಒಂದು ಮಧ್ಯಾಹ್ನ. ನನಗೆ ಆಗಲೇ ಮದುವೆ ನಿಶ್ಚಯವಾಗಿತ್ತು. ಅವನ ಕೂದಲು ಬೆಳೆದಿತ್ತು, ಹೆಗಲ ಮೇಲೆ ಟವಲ್, ಕೈಯಲ್ಲಿ ಸೀರೆಯ ಗಂಟು. ಅವನೇ ಗುರುತು ಹಿಡಿದ.

"ಚೆನ್ನಾಗಿದೀರಾ ಅಕ್ಕಾ?"

ಮೂರು ವರ್ಷ ನುಂಗಿಕೊಂಡಿದ್ದನ್ನು ಅಲ್ಲೇ, ಬಿಸಿಲಿನಲ್ಲಿ ನಿಂತು ಹೇಳಿದೆ. "ಮೂರನೇ ದಿನ ನನಗೆ ಕೇಳಿಸಿತು ಚೌಡಾ. ಕೇಳಿಸಿಯೂ A ಬರೆದೆ."

"ಗೊತ್ತುಂಗ" ಎಂದ. ಗಂಟನ್ನು ಇನ್ನೊಂದು ಕೈಗೆ ಬದಲಿಸಿ, "ನೀವ್ ಬರೀವಾಗ ನಿಮ್ ಕೈ ನೋಡ್ತಿದ್ದೆ. ಅಣ್ಣ ಎಡ ಬುಡ್ಲಿಲ್ಲ ಅಕ್ಕಾ. ಬುಡ್ಸಿದ್ದು ನಾವು" ಎಂದ. ಅದರಲ್ಲಿ ಕೋಪವಿರಲಿಲ್ಲ. 'ನಾವು' ಎಂದನಲ್ಲ, ಅದೇ ನನಗೆ ಭಾರವಾಯಿತು.

ಕಂಡಕ್ಟರ್ ಕೂಗಿದ. ಚೌಡ ಗಂಟು ಎತ್ತಿಕೊಂಡು ಹತ್ತಿದ. ಬಸ್ಸು ತುಂಬುತ್ತ ಬಂದಿತ್ತು, ಎರಡು ಸೀಟು ಮಾತ್ರ ಖಾಲಿ. ಅವನು ಕಿಟಕಿಯ ಪಕ್ಕ ಕೂತು, ಹೆಗಲ ಟವಲ್ ತೆಗೆದು ಪಕ್ಕದ ಸೀಟಿನ ಮೇಲೆ ಹಾಸಿದ. ಬುಟ್ಟಿ ಹೊತ್ತ ಒಬ್ಬ ಮುದುಕ ಬಂದು ಅಲ್ಲಿ ಕೂರಲು ಬಗ್ಗಿದ. ಚೌಡ ಟವಲ್ ಮೇಲೆ ಕೈ ಇಟ್ಟು, ಆ ಊರಲ್ಲಿ ಜಾಗ ಹಿಡಿದವರೆಲ್ಲ ಹೇಳುವಂತೆ ಮರ್ಯಾದೆಯಿಂದಲೇ ಹೇಳಿದ, "ಆಳ್ ವರುದುಂಗ." ಜನ ಬರುತ್ತಾರೆ ಎಂದು. ಮುದುಕ ಸರಿ ಎಂದು ತಲೆಯಾಡಿಸಿ ಮುಂದೆ ಹೋಗಿ ನಿಂತ. ಬಸ್ಸು ಹೊರಟಿತು. ಮತ್ತೆ ಯಾರೂ ಹತ್ತಲಿಲ್ಲ. ನಿಂತವರೆಲ್ಲ ಕಂಬಿ ಹಿಡಿದು ಜೋಲಾಡುತ್ತಿದ್ದರು, ಟವಲ್ ಹಾಸಿದ ಸೀಟಿನ ಕಡೆ ಒಬ್ಬರೂ ಸರಿಯಲಿಲ್ಲ. ಚೌಡ ಆ ಕಡೆಗೇ ಮುಖ ತಿರುಗಿಸಿಕೊಂಡು ಏನೋ ಹೇಳಿ ನಗುತ್ತಿದ್ದುದು ತಿರುವಿನವರೆಗೂ ಕಾಣಿಸಿತು.