ಶಾರ್ಜಾದವನಿಗೆ ಗುಡ್ಡ ತೋರಿಸಿದ್ದು

ನೆಟ್ಟಣ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಿದ್ದೆ. ಎದುರು ಗುಡ್ಡದ ಒಣಹುಲ್ಲಿಗೆ ಬೆಂಕಿ ಬಿದ್ದಿತ್ತು. ಮುಸ್ಸಂಜೆಯಲ್ಲಿ ಅದು ಕೆಂಪು ನೂಲಿನ ಹಾಗೆ ಸದ್ದಿಲ್ಲದೆ ಮೇಲೇರುತ್ತಿತ್ತು.

ಚಹಾದಂಗಡಿಯ ಬ್ಯಾರಿಯವರು ತಮ್ಮ ಮೊಬೈಲನ್ನು ನನ್ನ ಕೈಗಿಟ್ಟರು. “ಸ್ವಲ್ಪ ಗುಡ್ಡಕ್ಕೆ ಹಿಡೀರಿ ಮಾರಾಯ್ರೆ. ದೊಡ್ಡ ಮಗ ಶಾರ್ಜಾದಿಂದ ನೋಡ್ತಾ ಇದ್ದಾನೆ. ಸಣ್ಣವ ಬೆಂಕಿ ನಂದಿಸ್ಲಿಕ್ಕೆ ಮೇಲೆ ಹೋಗಿದ್ದಾನೆ. ನನಗೆ ಗಿರಾಕಿ ಉಂಟು.”

ಪರದೆಯಲ್ಲಿದ್ದವನಿಗೆ ನನ್ನ ಪರಿಚಯ ಬೇಕಿರಲಿಲ್ಲ. “ಈಗ ಎಂತ ಆಗ್ತಾ ಉಂಟು?” ಎಂದು ಕೇಳುತ್ತಲೇ ಇದ್ದ. ಎಡಗಡೆ ಕಡಿಮೆಯಾಯಿತು, ಬಲಗಡೆ ಇನ್ನೂ ಉಂಟು ಎಂದು ನಾನು ವರದಿ ಒಪ್ಪಿಸುತ್ತಿದ್ದೆ. ಕೊನೆಗೆ ನೂಲು ತುಂಡುತುಂಡಾಗಿ ಆರಿಹೋಯಿತು. ಅಂಗಡಿಯ ಇನ್ನೊಂದು ಫೋನಿಗೆ ಸಣ್ಣವನ ಕರೆ ಬಂತು. ಬೆಂಕಿ ನಂದಿದೆಯಂತೆ, ಎಲ್ಲರೂ ಇಳಿಯುತ್ತಿದ್ದಾರಂತೆ.

ಅದನ್ನು ಶಾರ್ಜಾದವನಿಗೆ ಹೇಳಿ, ಸೋತ ಕೈಯನ್ನು ಕೆಳಗಿಳಿಸಿದೆ.

“ತೆಗೀಬೇಡಿ,” ಅಂದ. “ಗುಡ್ಡ ಇನ್ನೂ ಕಾಣ್ತದಲ್ಲ. ಸ್ವಲ್ಪ ಹೊತ್ತು ಹಾಗೇ ಹಿಡೀರಿ.”

ಹಿಡಿದೆ. ನನ್ನ ಬೆನ್ನ ಹಿಂದೆ ರೈಲು ಬಂತು, ನಿಂತಿತು, ಹೊರಟಿತು.

ಸದ್ದು ಅವನಿಗೂ ಕೇಳಿಸಿರಬೇಕು. “ನೀವು ಎಲ್ಲಿಗೆ ಹೋಗುವವರು?” ಎಂದ.

“ಎಲ್ಲಿಗೂ ಇಲ್ಲ,” ಅಂದೆ. ಅಷ್ಟರಲ್ಲಿ ಅದು ನಿಜವೂ ಆಗಿತ್ತು.