ನಾಲ್ಕನೆಯದೂ ಒಂಬತ್ತನೆಯದೂ

ಹೆಮ್ಮಿಗೆ ಅನ್ನುವ ಹಳ್ಳಿಯ ಒಂದು ಮೆಟಲ್ ರಾಕ್ ಬ್ಯಾಂಡಿನ ಹಾಡುಗಳನ್ನು ಪಟ್ಟಿ ಮಾಡುವ ಕೆಲಸ ನನ್ನ ತಲೆ ಮೇಲೆ ಬಿದ್ದಿತ್ತು. ಕೇಳಿದಷ್ಟೂ ಒಂದೇ ಗರ್ಜನೆ. ನಾಲ್ಕನೆಯದೂ ಒಂಬತ್ತನೆಯದೂ ಒಂದೇ ಹಾಡೋ ಬೇರೆಯೋ ಅಂತ ಹಾಡಿದವನನ್ನೇ ಕೇಳಿದೆ. ಅವನೂ ತಲೆ ಕೆರೆದುಕೊಂಡ.

"ಗೊತ್ತಾಯ್ತಿಲ್ಲ ಸಾ. ಅವ್ವನ್ನ ಕೇಳಿ."

ಬ್ಯಾಂಡಿನವರು ಅಭ್ಯಾಸ ಮಾಡುವುದು ಇವರ ಮನೆಯ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ. ಹಸುವಿನ ಹಾಲು ಕರೆಯುತ್ತಿದ್ದ ಅವ್ವ ತಿರುಗಿಯೂ ನೋಡಲಿಲ್ಲ.

"ಬ್ಯಾರೆ ಬ್ಯಾರೆ ಕಣಪ್ಪ. ಒಂದಕ್ಕೆ ನಮ್ ಗೌರಿ ಹಾಲು ಬಿಡ್ತಾಳೆ, ಇನ್ನೊಂದಕ್ಕೆ ಒದೀತಾಳೆ. ಬೇಕಾದ್ರೆ ಕೇಳ್ಸಿ ನೋಡು."

ಮೊಬೈಲಿನಲ್ಲಿ ಕೇಳಿಸಿದೆ. ನಾಲ್ಕನೆಯದಕ್ಕೆ ಗೌರಿ ಮೆಲುಕು ಹಾಕುತ್ತ ನಿಂತಳು. ಒಂಬತ್ತನೆಯದಕ್ಕೆ ಚೊಂಬು ಉರುಳಿ ಹಾಲೆಲ್ಲ ನನ್ನ ಪ್ಯಾಂಟಿನ ಮೇಲಿತ್ತು.

ಎರಡನ್ನೂ ಬೇರೆಬೇರೆಯಾಗಿಯೇ ಬರೆದುಕೊಂಡೆ. ಪಟ್ಟಿಯಲ್ಲಿ 'ಗುರುತಿಸಿದವರು' ಅನ್ನುವ ಕಡೆ ಅವ್ವನ ಹೆಸರು ಬರೆಯಬೇಕೋ ಗೌರಿಯ ಹೆಸರೋ ತಿಳಿಯದೆ ಇನ್ನೂ ಖಾಲಿ ಬಿಟ್ಟಿದ್ದೇನೆ.